ಉಳಿದ ಅರ್ಧ ನಿಮಿಷ ಯಾರದು?

ಕೊಯಮತ್ತೂರಿನಿಂದ ಮೆಟ್ಟುಪಾಳ್ಯದ ರಸ್ತೆ ಹಿಡಿದರೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ತುಡಿಯಲೂರು ಸಿಗುತ್ತದೆ. 2011ರಲ್ಲಿ ಮಹಾನಗರಪಾಲಿಕೆಗೆ ಸೇರುವವರೆಗೆ ಅದು ತನ್ನದೇ ಪಟ್ಟಣ ಪಂಚಾಯಿತಿ ಇದ್ದ ಊರು. ಊಟಿಗೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಸಾಗುತ್ತಾರೆ. ರೈತರಿಗೆ ಗೊಬ್ಬರ, ಔಷಧಿ ಒದಗಿಸುವ ‘ಟುಕಾಸ್’ ಸಹಕಾರಿ ಸಂಘದಿಂದಾಗಿ ಸುತ್ತಲಿನ ಹಳ್ಳಿಗಳಿಗೆ ಇದರ ಹೆಸರು ಚೆನ್ನಾಗಿ ಗೊತ್ತು. ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗಿದರೆ ಮನೆಗಳ ನಡುವೆಯೇ ತಗಡಿನ ಶೆಡ್ಡುಗಳು, ಲೇಥಿನ ಸದ್ದು, ಕೂಲೆಂಟಿನ ವಾಸನೆ. ಕೆಲವೇ ಕಿಲೋಮೀಟರ್ ಮುಂದೆ ಪೆರಿಯನಾಯ್ಕನಪಾಳ್ಯದಲ್ಲಿ ನೂಲಿನ ಗಿರಣಿಗಳಿಗೆ ಯಂತ್ರ ಮಾಡುವ ಲಕ್ಷ್ಮಿ ಮೆಷಿನ್ ವರ್ಕ್ಸ್ ಇದೆ, ವಾಹನಗಳಿಗೆ ಮೀಟರು ಮಾಡುವ ಪ್ರಿಕಾಲ್ ಇದೆ, 1930ರಲ್ಲಿ ಶುರುವಾದ ರಾಮಕೃಷ್ಣ ಮಿಷನ್ ವಿದ್ಯಾಲಯವಿದೆ. ಇದೇ ದಾರಿಯಲ್ಲಿ ನೀಲಗಿರಿಯಿಂದ ಇಳಿದು ಬಂದ ಬಡಗರ ಮನೆಗಳಿವೆ. ಇನ್ನೂ ಮೇಲಕ್ಕೆ ಹೋದರೆ ಭವಾನಿ ನದಿಯ ದಡದ ಸಿರುಮುಗೈಯಲ್ಲಿ ಇಂದಿಗೂ ಮನೆಯಲ್ಲಿ ಕನ್ನಡ ಆಡುತ್ತ ರೇಷ್ಮೆ ಸೀರೆ ನೇಯುವ ದೇವಾಂಗದವರಿದ್ದಾರೆ.

ಕೆಲಸದ ಜಾಗದಲ್ಲಿ ಪ್ರತಿದಿನ ಒಂದಿಷ್ಟು, ನಿಲ್ಲಿಸದೆ ಮಾಡಿಕೊಂಡು ಹೋಗುವ ಸುಧಾರಣೆಯನ್ನು ಲೋಕವೆಲ್ಲ ಈಗ ‘ಕೈಜೆನ್’ ಎಂದು ಕರೆಯುತ್ತದೆ. ಅದರ ಬಗ್ಗೆ ಪುಸ್ತಕಗಳಿವೆ, ತರಬೇತಿಗಳಿವೆ, ಸರ್ಕಾರಿ ಸಹಾಯಧನವಿದೆ. ಇಷ್ಟೆಲ್ಲ ಇದ್ದೂ ಇಂಥ ಬಹುಪಾಲು ಶೆಡ್ಡುಗಳಲ್ಲಿ ಅದು ಒಂದೆರಡು ವರ್ಷಕ್ಕೆ ಸೊರಗುವುದು ಏಕೆ ಎಂಬುದು ಇಲ್ಲಿನ ಪ್ರಶ್ನೆ. ತುಡಿಯಲೂರನ್ನು ಮುಂದಿಟ್ಟುಕೊಂಡರೂ ಈ ಮಾತು ಬೆಂಗಳೂರಿನ ಪೀಣ್ಯಕ್ಕೆ, ಬೆಳಗಾವಿಯ ಉದ್ಯಮಬಾಗಿಗೆ, ಶಿವಮೊಗ್ಗದ ಮಾಚೇನಹಳ್ಳಿಗೆ ಅಷ್ಟೇ ಸಲ್ಲುತ್ತದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಸಣ್ಣ ಸುಧಾರಣೆಯ ಬುದ್ಧಿ ಜಪಾನಿನಿಂದ ಹಡಗಿನಲ್ಲಿ ಬಂದಿಳಿದದ್ದಲ್ಲ. ಕೊಯಮತ್ತೂರು ಸೀಮೆ ಬೆಳೆದದ್ದೇ ಅದರಿಂದ. ಮಳೆ ಕಡಿಮೆ, ಬಾವಿ ಆಳ, ಬೆಳೆ ಹತ್ತಿ. 1888ರಲ್ಲಿ ಸ್ಟೇನ್ಸ್ ಅವರ ನೂಲಿನ ಗಿರಣಿ ಬಂತು. 1926ರಲ್ಲಿ ಪಿ.ಎಸ್.ಜಿ. ಕೈಗಾರಿಕಾ ಸಂಸ್ಥೆ ಶುರುವಾಯಿತು. 1930ರ ದಶಕದ ಆರಂಭದಲ್ಲಿ ಪೈಕಾರದ ಜಲವಿದ್ಯುತ್ ಬಯಲಿಗೆ ಇಳಿಯಿತು. ಅದಕ್ಕೂ ಮುಂಚೆಯೇ ಮದ್ರಾಸ್ ಪ್ರಾಂತ್ಯದಲ್ಲಿ ಬಾವಿಗೆ ಆಯಿಲ್ ಎಂಜಿನ್ ಕೂರಿಸುವುದನ್ನು ರೈತರಿಗೆ ತೋರಿಸಿಕೊಟ್ಟವನು ಆಲ್ಫ್ರೆಡ್ ಚಾಟರ್ಟನ್. ಮುಂದೆ ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೈಗಾರಿಕಾ ನಿರ್ದೇಶಕನಾಗಿ ದುಡಿದವನೂ ಅವನೇ. ಹೊರಗಿನಿಂದ ಬಂದ ಪಂಪು ಕೆಟ್ಟಾಗ ರಿಪೇರಿ ಮಾಡಿದವರು, ರಿಪೇರಿ ಮಾಡುತ್ತ ಅದರ ಭಾಗಗಳನ್ನು ತಾವೇ ಎರಕ ಹೊಯ್ದರು. ಹೊಯ್ಯುತ್ತ ಹೊಯ್ಯುತ್ತ ಪೂರ್ತಿ ಪಂಪನ್ನೇ ಮಾಡತೊಡಗಿದರು.

ಜಿ.ಡಿ. ನಾಯ್ಡು ಈ ಗುಣದ ದೊಡ್ಡ ಮೂರ್ತಿ. ಬ್ರಿಟಿಷ್ ಅಧಿಕಾರಿಯೊಬ್ಬನ ರಡ್ಜ್ ಮೋಟರ್ ಸೈಕಲನ್ನು ಕೊಂಡು, ಬಿಚ್ಚಿ, ಜೋಡಿಸಿ ಯಂತ್ರ ಕಲಿತ ಹಳ್ಳಿ ಹುಡುಗ. 1920ರಲ್ಲಿ ಒಂದೇ ಬಸ್ಸಿನಿಂದ ಪೊಳ್ಳಾಚಿ–ಪಳನಿ ನಡುವೆ ಓಡಾಟ ಶುರು ಮಾಡಿ ಅದನ್ನು ದೊಡ್ಡ ಸಾರಿಗೆ ಸಂಸ್ಥೆಯಾಗಿ ಬೆಳೆಸಿದರು. 1937ರಲ್ಲಿ ಡಿ. ಬಾಲಸುಂದರಂ ಜೊತೆ ದೇಶದ ಮೊದಲ ವಿದ್ಯುತ್ ಮೋಟರನ್ನು ತಯಾರಿಸಿದರು. ಅವರನ್ನು ‘ಭಾರತದ ಎಡಿಸನ್’ ಎಂದು ಹೊಗಳುವವರು ಆವಿಷ್ಕಾರಗಳನ್ನಷ್ಟೇ ಎಣಿಸುತ್ತಾರೆ. ನನಗೆ ಅದಕ್ಕಿಂತ ಹೆಚ್ಚಿನದಾಗಿ ಕಾಣುವುದು, ಇರುವುದನ್ನು ಬಿಚ್ಚಿ ನೋಡಿ ಇನ್ನೊಂದಿಷ್ಟು ಸರಿ ಮಾಡುವ ಅವರ ಹಟ.

ಇದರ ಅತ್ಯುತ್ತಮ ಉದಾಹರಣೆ ನಮ್ಮ ಅಡುಗೆಮನೆಯಲ್ಲೇ ಇದೆ. ಒರಳಿನಲ್ಲಿ ದೋಸೆ ಹಿಟ್ಟು ರುಬ್ಬುವಾಗ ಒರಳು ಕದಲುವುದಿಲ್ಲ, ಗುಂಡುಕಲ್ಲು ತಿರುಗುತ್ತದೆ. ವೆಟ್ ಗ್ರೈಂಡರಿನಲ್ಲಿ ಇದು ತಿರುಗುಮುರುಗು: ತಳದ ಪಾತ್ರೆ ತಿರುಗುತ್ತದೆ, ಕಲ್ಲನ್ನು ಒಂದೆಡೆ ಹಿಡಿದು ನಿಲ್ಲಿಸಲಾಗುತ್ತದೆ. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಇದನ್ನು ರೂಪಿಸಿದರು ಎಂಬ ಶ್ರೇಯ ಸಂದಿದೆ. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ರುಬ್ಬಿದ ಹಿಟ್ಟನ್ನು ಬಗ್ಗಿ ಕೈಯಿಂದ ತೆಗೆಯುವುದು ಹೆಂಗಸರಿಗೆ ಕಷ್ಟವಾಯಿತು. ಪಾತ್ರೆಯನ್ನೇ ಬಾಗಿಸಿ ಸುರಿಯುವ ‘ಟಿಲ್ಟಿಂಗ್’ ಮಾದರಿ ಬಂತು. ಭಾರ ಹೆಚ್ಚೆಂದಾಗ, ಜಾಗ ಸಾಲದೆಂದಾಗ ಟೇಬಲ್‌ಟಾಪ್ ಬಂತು. ಒಂದು ದೊಡ್ಡ ಗುಂಡುಕಲ್ಲಿನ ಬದಲು ಶಂಕುವಿನಾಕಾರದ ಎರಡು ಮೂರು ಸಣ್ಣ ಕಲ್ಲುಗಳು ಬಂದವು. ಪಾತ್ರೆಯನ್ನು ಎತ್ತಿ ತೊಳೆಯುವಂತಾಯಿತು. ಈ ಹೆಜ್ಜೆಗಳಲ್ಲಿ ಯಾವ ಒಂದನ್ನೂ ಮಹಾ ಆವಿಷ್ಕಾರ ಎನ್ನಲಾಗದು, ಎಲ್ಲ ಸೇರಿ ದಕ್ಷಿಣ ಭಾರತದ ಬೆಳಗಿನ ತಿಂಡಿಯ ದುಡಿಮೆಯನ್ನೇ ಬದಲಿಸಿದವು. 2005–06ರಲ್ಲಿ ‘ಕೊಯಮತ್ತೂರು ವೆಟ್ ಗ್ರೈಂಡರ್’ಗೆ ಭೌಗೋಳಿಕ ಗುರುತು ಸಿಕ್ಕಿತು. ಅದಕ್ಕೆ ಬೇಕಾದ ಕಲ್ಲು ಇಂದಿನ ತಿರುಪ್ಪೂರು ಜಿಲ್ಲೆಯ ಊತ್ತುಕುಳಿ ಕಡೆಯದು. ಗಮನಿಸಬೇಕಾದ ಮಾತೆಂದರೆ, ಇಲ್ಲಿ ದೂರು ಹೇಳಿದವರು ಬಳಸುವವರು, ಕೇಳಿಸಿಕೊಂಡವರು ಪಕ್ಕದ ಬೀದಿಯಲ್ಲೇ ಇದ್ದ ಸಣ್ಣ ತಯಾರಕರು. ಇಬ್ಬರ ನಡುವೆ ಯಾವ ಇಲಾಖೆಯೂ ಇರಲಿಲ್ಲ.

ಇನ್ನು ಹೊರಗಿನ ಚರಿತ್ರೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ, ಹೊಸ ಕೆಲಸಗಾರರಿಗೆ ಬೇಗ ಕೆಲಸ ಕಲಿಸಲು, ಇದ್ದ ಕೆಲಸದ ರೀತಿಯನ್ನು ಬಿಡಿಸಿ ನೋಡಿ ಸುಧಾರಿಸಲು ಒಂದು ತರಬೇತಿ ಕ್ರಮ ರೂಪುಗೊಂಡಿತು. ಯುದ್ಧ ಮುಗಿದ ಮೇಲೆ ಅದು ಸೋತ ಜಪಾನಿಗೆ ಹೋಯಿತು. 1950ರಲ್ಲಿ ಅಮೆರಿಕದ ಗುಣಮಟ್ಟ ತಜ್ಞ ಡೆಮಿಂಗ್ ಅಲ್ಲಿ ಪಾಠ ಮಾಡಿದರು, ಮರುವರ್ಷ ಅವರ ಹೆಸರಿನ ಪ್ರಶಸ್ತಿ ಶುರುವಾಯಿತು. ಟೊಯೊಟಾ ತನ್ನ ಕೆಲಸಗಾರರಿಂದ ಸಲಹೆ ಪಡೆಯುವ ಪದ್ಧತಿಯನ್ನು 1951ರಲ್ಲಿ ತಂದಿತು, ಫೋರ್ಡ್ ಕಾರ್ಖಾನೆಯನ್ನು ನೋಡಿ ಬಂದ ಮೇಲೆ. 1962ರಲ್ಲಿ ಇಶಿಕಾವ ಅವರ ಮುಂದಾಳತ್ವದಲ್ಲಿ, ಕೆಲಸಗಾರರೇ ಸಣ್ಣ ಗುಂಪಾಗಿ ಕೂಡಿ ಗುಣಮಟ್ಟದ ತೊಡಕು ಬಿಡಿಸುವ ಕ್ವಾಲಿಟಿ ಸರ್ಕಲ್‌ಗಳು ಹುಟ್ಟಿದವು. ಮಸಾಕಿ ಇಮಾಯ್ 1986ರಲ್ಲಿ ಬರೆದ ಪುಸ್ತಕದಿಂದ ಕೈಜೆನ್ ಎಂಬ ಹೆಸರು ಜಗತ್ತಿಗೆ ಹರಡಿತು.

ಭಾರತ ಈ ಸಾಲಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಅಂಕಿಅಂಶದ ನೆರವಿನಿಂದ ಗುಣಮಟ್ಟ ಕಾಯುವ ವಿದ್ಯೆಯ ಮೂಲಪುರುಷ ಶ್ಯೂಹಾರ್ಟ್ 1947–48ರಲ್ಲೇ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸರ ಕರೆಯ ಮೇಲೆ ಇಲ್ಲಿಗೆ ಬಂದಿದ್ದರು. ಮುಂದೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ತೆರೆದ ಗುಣಮಟ್ಟದ ಘಟಕಗಳಲ್ಲಿ ಬೆಂಗಳೂರಿನದೂ ಕೊಯಮತ್ತೂರಿನದೂ ಸೇರಿವೆ. 1980ರಲ್ಲಿ ಹೈದರಾಬಾದಿನ ರಾಮಚಂದ್ರಾಪುರದ ಬಿ.ಎಚ್.ಇ.ಎಲ್.ನಲ್ಲಿ ಎಸ್.ಆರ್. ಉಡುಪ ಅವರು ದೇಶದ ಮೊದಲ ಕ್ವಾಲಿಟಿ ಸರ್ಕಲ್‌ಗಳನ್ನು ಕಟ್ಟಿದರು, 1982ರಲ್ಲಿ ಅದಕ್ಕಾಗಿಯೇ ರಾಷ್ಟ್ರಮಟ್ಟದ ಒಂದು ವೇದಿಕೆಯೂ ಆಯಿತು. 1998ರಲ್ಲಿ ಸುಂದರಂ ಕ್ಲೇಟನ್ ಡೆಮಿಂಗ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಕಂಪನಿಯಾಯಿತು, 2002ರಲ್ಲಿ ಟಿ.ವಿ.ಎಸ್. ಮೋಟರ್. 2019ರಲ್ಲಿ ಕೊಯಮತ್ತೂರಿನದೇ ಆದ, 1960ರಲ್ಲಿ ಶುರುವಾದ ಏರ್ ಕಂಪ್ರೆಸರ್ ಕಂಪನಿ ಎಲ್ಜಿ ಇಕ್ವಿಪ್‌ಮೆಂಟ್ಸ್‌ಗೆ ಅದು ಬಂತು. ತುಡಿಯಲೂರಿನ ಶೆಡ್ಡಿನವನಿಗೆ ಇದರ ಪಾಠ ದೂರದ್ದಲ್ಲ. ಒಂದು ಬಸ್ ಪ್ರಯಾಣದಷ್ಟು ದೂರದಲ್ಲೇ ಜಗತ್ತಿನ ಮಟ್ಟದ ಶಿಸ್ತು ಸಿಗುತ್ತದೆ.

ಹತ್ತಿ ಗಿರಣಿಗಳಲ್ಲೂ ಇಂಥದೊಂದು ಹಳೆಯ ಸಂಪ್ರದಾಯವಿದೆ. ಕೊಯಮತ್ತೂರಿನಲ್ಲಿ 1956ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘ, ಅಂದರೆ ‘ಸಿಟ್ರಾ’, ಗಿರಣಿಗಳ ಉತ್ಪಾದಕತೆಯನ್ನು ಒಂದಕ್ಕೊಂದು ಹೋಲಿಸುವ ಸಮೀಕ್ಷೆಗಳನ್ನು ನಡೆಸುತ್ತ ಬಂದಿದೆ. ನೂರು ಕಿಲೋ ನೂಲು ತೆಗೆಯಲು ಎಷ್ಟು ಕೆಲಸಗಾರ–ಗಂಟೆ ಬೇಕಾಯಿತು ಎಂಬ ಲೆಕ್ಕಕ್ಕೆ ಗಿರಣಿಯವರು ‘ಎಚ್.ಒ.ಕೆ.’ ಎನ್ನುತ್ತಾರೆ. ನಮ್ಮದು ಎಷ್ಟು, ಉಳಿದವರದು ಎಷ್ಟು ಎಂದು ಮ್ಯಾನೇಜರನಿಗೆ ಗೊತ್ತಾದರೆ ಸಾಕು, ಎಲ್ಲಿ ಕೈ ಹಾಕಬೇಕೆಂಬುದು ಹೊಳೆಯುತ್ತದೆ. ಇಂಥ ಹೋಲಿಕೆ ಎಂಜಿನಿಯರಿಂಗ್ ಜಾಬ್‌ವರ್ಕಿನ ಶೆಡ್ಡುಗಳಿಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ಶೆಡ್ಡಿನೊಳಗೆ ಹೋಗೋಣ. ಒಂದು ಲೇಥ್, ಮುಂದೆ ಒಬ್ಬ ಆಪರೇಟರ್, ಪಕ್ಕದ ಟ್ರೇನಲ್ಲಿ ಪಂಪಿನ ಶಾಫ್ಟುಗಳು. ಪ್ರತಿ ಶಾಫ್ಟಿಗೂ ಒಂದೇ ಉದ್ದಕ್ಕೆ ಸ್ಟೆಪ್ ತೆಗೆಯಬೇಕು. ಅವನು ಟೂಲ್ ಸರಿಸುತ್ತಾನೆ, ಮೆಷಿನ್ ನಿಲ್ಲಿಸುತ್ತಾನೆ, ವರ್ನಿಯರ್ ಹಿಡಿದು ಅಳೆಯುತ್ತಾನೆ, ಮತ್ತೆ ಸರಿಸುತ್ತಾನೆ. ಒಂದು ದಿನ ಸ್ಕ್ರ್ಯಾಪಿನಲ್ಲಿ ಬಿದ್ದಿದ್ದ ಕಬ್ಬಿಣದ ತುಂಡೊಂದಕ್ಕೆ ಬೋಲ್ಟು ಹಾಕಿ ಲೇಥಿನ ಬೆಡ್ಡಿಗೆ ಬಿಗಿಯುತ್ತಾನೆ. ಕ್ಯಾರೇಜ್ ಅಲ್ಲಿಗೆ ಬಂದು ತಗುಲಿದರೆ ಉದ್ದ ಸರಿ, ಅಳೆಯುವ ಕೆಲಸವಿಲ್ಲ. ಹತ್ತಕ್ಕೆ ಒಂದನ್ನು ಪರೀಕ್ಷಿಸಿದರೆ ಸಾಕು. ಒಂದು ಶಾಫ್ಟಿಗೆ ಅರ್ಧ ನಿಮಿಷ ಉಳಿಯಿತು ಎನ್ನಿ. ದಿನಕ್ಕೆ 300 ಶಾಫ್ಟಾದರೆ 150 ನಿಮಿಷ, ಎರಡೂವರೆ ಗಂಟೆ! ಖರ್ಚು ಒಂದು ಬೋಲ್ಟು. ಸ್ಟಾಪರ್ ಎಂದು ಕರೆಯುವ ಇದು ಯಾವ ಲೇಥಿನವನಿಗೂ ಹೊಸದಲ್ಲ, ಇಂಥವು ಪ್ರತಿ ಶೆಡ್ಡಿನಲ್ಲೂ ಹತ್ತಾರು ಹುಟ್ಟುತ್ತವೆ.

ಆದರೆ ಹುಟ್ಟಿದ ಮೇಲೆ ಏನಾಗುತ್ತದೆ? ಆಪರೇಟರಿಗೆ ತುಂಡಿನ ಲೆಕ್ಕದಲ್ಲಿ ಕೂಲಿಯಿದ್ದರೆ, ಅವನು ಹೆಚ್ಚು ಸಂಪಾದಿಸಿದ್ದನ್ನು ಕಂಡ ಮಾಲೀಕ ತುಂಡಿನ ದರ ಇಳಿಸುತ್ತಾನೆ. ತಿಂಗಳ ಸಂಬಳವಿದ್ದರೆ ದಿನದ ಟಾರ್ಗೆಟ್ ಏರಿಸುತ್ತಾನೆ. ಹೀಗೆ ಒಮ್ಮೆ ಆದರೆ ಸಾಕು, ಮುಂದಿನ ಸಲ ಆ ಆಪರೇಟರ್ ಮಾಲೀಕ ಬರುವ ಹೊತ್ತಿಗೆ ಸ್ಟಾಪರನ್ನು ಬಿಚ್ಚಿ ಪೆಟ್ಟಿಗೆಯಲ್ಲಿಡುತ್ತಾನೆ. ಮಾಲೀಕನನ್ನು ಬೈಯುವ ಮುಂಚೆ ಅವನ ಮೇಲಿರುವವರನ್ನೂ ನೋಡಬೇಕು. ದೊಡ್ಡ ಕಂಪನಿಯ ಪರ್ಚೇಸ್ ವಿಭಾಗ ಪ್ರತಿವರ್ಷ ದರದಲ್ಲಿ ಇಷ್ಟು ಶೇಕಡಾ ಇಳಿಸು ಎನ್ನುತ್ತದೆ, ವಾಹನದ ಬಿಡಿಭಾಗಗಳ ವ್ಯಾಪಾರದಲ್ಲಿ ಇದು ಮಾಮೂಲು. ಅವರ ಎಂಜಿನಿಯರ್ ಬಂದು ಗಡಿಯಾರ ಹಿಡಿದು ಸಮಯ ಅಳೆಯುವ ದಿನ ಮಾಲೀಕನೂ ಮೆಷಿನ್ ನಿಧಾನ ಮಾಡಿಸುತ್ತಾನೆ. ಆಪರೇಟರ್ ಮಾಲೀಕನಿಂದ ಮುಚ್ಚಿಡುತ್ತಾನೆ, ಮಾಲೀಕ ಕಂಪನಿಯಿಂದ ಮುಚ್ಚಿಡುತ್ತಾನೆ. ಸುಧಾರಣೆ ನಿಂತಿಲ್ಲ, ತಲೆಮರೆಸಿಕೊಂಡಿದೆ. ಬರೆದಿಡದ ಕಾರಣ ಆ ಆಪರೇಟರ್ ಊರಿಗೆ ಹೋದ ದಿನ ಅದೂ ಅವನೊಡನೆ ಹೋಗುತ್ತದೆ.

ನನ್ನ ತೀರ್ಮಾನ ಇಷ್ಟೇ. ತಿಂಗಳು ತಿಂಗಳೂ ಹೊಸ ಪದ್ಧತಿ ಕಲಿಸುವ ನಮ್ಮ ತರಬೇತಿಗಳು ಉಳಿದ ಅರ್ಧ ನಿಮಿಷ ಯಾರದು ಎಂಬುದನ್ನು ಮೊದಲೇ ಇತ್ಯರ್ಥ ಮಾಡುವುದಿಲ್ಲ. ಅದಾಗದೆ ಸಲಹೆ ಕೇಳುವುದು ಕೆಲಸಗಾರನ ಜೇಬಿಗೇ ಕೈ ಹಾಕಿದಂತೆ.

ಇದು ಇಂದು ಹುಟ್ಟಿದ ಸಮಸ್ಯೆಯಲ್ಲ. ಅಮೆರಿಕದ ಎಂಜಿನಿಯರ್ ಟೇಲರ್ 1911ರ ತಮ್ಮ ಪುಸ್ತಕದಲ್ಲಿಯೇ ಇದನ್ನು ಬರೆದಿದ್ದಾರೆ: ಹೆಚ್ಚು ಮಾಡಿದರೆ ದರ ಕಡಿತವಾಗುತ್ತದೆಂದು ಗೊತ್ತಿರುವುದರಿಂದಲೇ ಕೆಲಸಗಾರರು ಬೇಕೆಂದೇ ನಿಧಾನವಾಗಿ ದುಡಿಯುತ್ತಾರೆ. ರೋಗ ಗುರುತಿಸಿದರೂ ಔಷಧಿಯಲ್ಲಿ ಅವರು ಎಡವಿದರು, ಯೋಚಿಸುವ ಹಕ್ಕನ್ನು ಎಂಜಿನಿಯರಿಗೆ ಕೊಟ್ಟು ಮಾಡುವ ಹೊಣೆಯನ್ನಷ್ಟೇ ಕೆಲಸಗಾರನಿಗೆ ಬಿಟ್ಟರು. ಬೇರೆಯವರು ಬೇರೆ ದಾರಿ ಹಿಡಿದರು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವೆಲ್ಡಿಂಗ್ ಯಂತ್ರ ಮಾಡುವ ಲಿಂಕನ್ ಎಲೆಕ್ಟ್ರಿಕ್, ಒಮ್ಮೆ ಗೊತ್ತುಮಾಡಿದ ತುಂಡಿನ ದರವನ್ನು ಕೆಲಸಗಾರ ಹೆಚ್ಚು ಸಂಪಾದಿಸುತ್ತಾನೆಂಬ ಕಾರಣಕ್ಕೆ ಇಳಿಸುವುದಿಲ್ಲ ಎಂಬ ಮಾತು ಕೊಟ್ಟಿತು. 1930ರ ದಶಕದಲ್ಲಿ ಉಕ್ಕಿನ ಕಾರ್ಖಾನೆಯ ಯೂನಿಯನ್ ಮುಂದಾಳು ಜೋಸೆಫ್ ಸ್ಕಾನ್ಲನ್, ಉಳಿತಾಯದ ಪಾಲನ್ನು ಇಡೀ ಕಾರ್ಖಾನೆಯವರಿಗೆ ಹಂಚುವ ಯೋಜನೆಯನ್ನು ಮುಂದಿಟ್ಟರು. ಟೊಯೊಟಾದ ಸಲಹೆ ಪದ್ಧತಿಯ ಹಿಂದೆಯೂ ಒಂದು ಕಹಿ ಇತಿಹಾಸವಿದೆ. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದು, ದೊಡ್ಡ ಮುಷ್ಕರ ನಡೆದು, ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡು, ಸ್ಥಾಪಕ ಕಿಯಿಚಿರೊ ಟೊಯೊಡಾ ರಾಜೀನಾಮೆ ಕೊಟ್ಟರು. ಅನಂತರ ಉದ್ಯೋಗದ ಭದ್ರತೆ ಅಲ್ಲಿನ ಒಪ್ಪಂದದ ತಳಹದಿಯಾಯಿತು. 1962ರಲ್ಲಿ ಆಡಳಿತ ಮತ್ತು ಕಾರ್ಮಿಕರು ಸೇರಿ ಒಂದು ಘೋಷಣೆಗೆ ಸಹಿ ಹಾಕಿದರು. ಭಯವಿಲ್ಲದೆ ಸಲಹೆ ಕೊಡುವ ವಾತಾವರಣ ಹೀಗೆ ಬೆಲೆ ತೆತ್ತು ಸಂಪಾದಿಸಿದ್ದು. ಪುಸ್ತಕ ಓದಿ ಕೈಜೆನ್ ತರುವವರು ಈ ಅಧ್ಯಾಯವನ್ನು ಹಾರಿಸಿ ಓದುತ್ತಾರೆ.

ಕರ್ನಾಟಕದಲ್ಲೇ ಇದಕ್ಕೆ ಸಾಕ್ಷಿಯಿದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಈ ವಿದ್ಯೆಯ ತವರುಮನೆಯಿಂದಲೇ ಬಂದದ್ದು. ಅಲ್ಲಿನ ಶಿಸ್ತು, ತರಬೇತಿ, ಅಚ್ಚುಕಟ್ಟು ಮೆಚ್ಚತಕ್ಕವು. ಹಾಗಿದ್ದೂ 2020ರ ನವೆಂಬರಿನಲ್ಲಿ ಅಲ್ಲಿ ಲಾಕೌಟ್ ಆಯಿತು, ಬಿಕ್ಕಟ್ಟು ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಹೊರೆ ತಾಳಲಾರದಷ್ಟಾಗಿದೆ ಎಂಬುದು ಯೂನಿಯನ್ನಿನ ದೂರುಗಳಲ್ಲಿ ಒಂದು. ಕಂಪನಿ ಅದನ್ನು ಒಪ್ಪಲಿಲ್ಲ. ಯಾರ ಪರ ತೀರ್ಪು ಕೊಡುವುದೂ ನನ್ನ ಕೆಲಸವಲ್ಲ. ಉಳಿಸಿದ ಸೆಕೆಂಡುಗಳು ಮನುಷ್ಯನಿಗೆ ಉಸಿರಾಡಲು ಸಿಗುತ್ತವೆಯೋ, ಇನ್ನೊಂದು ಕೆಲಸ ತುಂಬಲು ಹೋಗುತ್ತವೆಯೋ ಎಂಬ ಪ್ರಶ್ನೆ ಟೊಯೊಟಾದಂಥ ಕಡೆಯೂ ತೀರಿಲ್ಲ ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ. ತುಡಿಯಲೂರಿನ ಪಕ್ಕದಲ್ಲೇ, ಪ್ರಿಕಾಲ್‌ನಲ್ಲಿ, 2007ರಿಂದ ಯೂನಿಯನ್ ಮಾನ್ಯತೆಯ ಸುತ್ತ ಬೆಳೆದ ಜಗಳ 2009ರ ಸೆಪ್ಟೆಂಬರಿನಲ್ಲಿ ಒಬ್ಬ ಹಿರಿಯ ಅಧಿಕಾರಿಯ ಸಾವಿನವರೆಗೆ ಮುಟ್ಟಿತು. ಆ ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ. ಅದಕ್ಕೆ ಕೈಜೆನ್ ಕಾರಣ ಎಂದೂ ನಾನು ಹೇಳುತ್ತಿಲ್ಲ. ಮಾತುಕತೆ ಮುರಿದ ಕಾರ್ಖಾನೆಯಲ್ಲಿ ಸಲಹೆ ಪೆಟ್ಟಿಗೆಗೆ ಅರ್ಥವಿರುವುದಿಲ್ಲ ಎಂಬುದಂತೂ ಖಂಡಿತ.

ಫೌಂಡ್ರಿಗಳಲ್ಲಿ ಇನ್ನೊಂದು ತೊಡಕು. ಅಚ್ಚಿನ ಮರಳಿನಲ್ಲಿ ನೀರು ಹೆಚ್ಚಾದರೆ ಎರಕದಲ್ಲಿ ಗಾಳಿಗುಳ್ಳೆ ಬೀಳುತ್ತದೆ, ಕಡಿಮೆಯಾದರೆ ಅಚ್ಚು ಉದುರುತ್ತದೆ. ಅನುಭವಿ ಮೋಲ್ಡರ್ ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಹಿಸುಕಿ, ಮುರಿದು, ಮುರಿದ ಅಂಚನ್ನು ನೋಡಿ ಹದ ಹೇಳುತ್ತಾನೆ. ಆ ಮುಷ್ಟಿಯ ತಿಳಿವಳಿಕೆಯನ್ನು ಪ್ರತಿ ಪಾಳಿಯ ರಿಜೆಕ್ಷನ್ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟರೆ ಹಾಳಾಗುವ ಎರಕ ಎಷ್ಟೋ ಕಡಿಮೆಯಾದೀತು. ಆದರೆ ಇಂದು ಕೊಯಮತ್ತೂರಿನ ಅಚ್ಚಿನ ಶೆಡ್ಡುಗಳಲ್ಲಿ ದುಡಿಯುವವರಲ್ಲಿ ಬಿಹಾರ, ಒಡಿಶಾ, ಜಾರ್ಖಂಡ್ ಕಡೆಯವರು ಬಹಳ. ಗೋಡೆಯ ಮೇಲಿನ ಸೂಚನೆ ತಮಿಳು ಅಥವಾ ಇಂಗ್ಲಿಷಿನಲ್ಲಿ. ಮೀಟಿಂಗಿನಲ್ಲಿ ಅವರು ಹಿಂದೆ ನಿಂತಿರುತ್ತಾರೆ. ಗುತ್ತಿಗೆದಾರನ ಕೆಳಗಿರುವವರಿಗೆ ಸಲಹೆಯ ಬಹುಮಾನವೂ ಸಾಮಾನ್ಯವಾಗಿ ಇಲ್ಲ. ಬಲ್ಲವನನ್ನು ಕೇಳದೆ ಸುಧಾರಣೆ ಮಾಡಲು ಹೊರಟಿದ್ದೇವೆ. ಬೆಂಗಳೂರಿನ ಕಾರ್ಖಾನೆಗಳ ಕಥೆಯೂ ಬೇರೆಯಲ್ಲ.

ಸಣ್ಣ ಸುಧಾರಣೆಯಿಂದ ಎಲ್ಲವೂ ಆಗದು ಎಂಬುದನ್ನೂ ಒಪ್ಪಬೇಕು. ತಿರುಪ್ಪೂರಿನ ಬಣ್ಣದ ನೀರು ನೊಯ್ಯಲ್ ನದಿಯನ್ನೂ ಒರತ್ತುಪಾಳ್ಯದ ಅಣೆಕಟ್ಟನ್ನೂ ಕೆಡಿಸುತ್ತಿದ್ದ ಕಾಲದಲ್ಲಿ ಡೈಯಿಂಗ್ ಘಟಕಗಳು ಅಷ್ಟಿಷ್ಟು ಸರಿಪಡಿಸಿಕೊಳ್ಳುತ್ತ ದಿನ ದೂಡಿದವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಏಳುನೂರಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಿತು, ಒಂದು ಹನಿ ಕೊಳೆನೀರೂ ಹೊರಬರಬಾರದೆಂದಿತು. ಅಲ್ಲಿ ಬೇಕಾಗಿದ್ದುದು ನ್ಯಾಯಾಲಯದ ಕಠಿಣ ಹೆಜ್ಜೆಯೇ. ಆದರೆ ಶುದ್ಧೀಕರಣ ಘಟಕ ಕಟ್ಟಿದ ಮೇಲೆ ಅದರ ಖರ್ಚು ತಾಳುವಂತಾದದ್ದು, ಉಪ್ಪುನೀರನ್ನೇ ಮತ್ತೆ ಬಣ್ಣದ ತೊಟ್ಟಿಗೆ ಬಳಸುವುದು, ಉಪ್ಪನ್ನು ಹರಳಾಗಿ ವಾಪಸ್ ಪಡೆಯುವುದು ಮುಂತಾದ ಒಂದೊಂದೇ ಬದಲಾವಣೆಯಿಂದ. ಪಂಪಿನ ಉದ್ಯಮಕ್ಕೂ ಇಂಥ ಗಳಿಗೆ ಬಂದಿದೆ. ಗುಜರಾತಿನ ಅಗ್ಗದ ಪಂಪುಗಳು, ವಿದ್ಯುತ್ ಉಳಿತಾಯದ ಸ್ಟಾರ್ ಗುರುತು, ಸೋಲಾರ್ ಪಂಪು, 2022ರ ವಿದ್ಯುತ್ ದರ ಏರಿಕೆ, ಇವನ್ನೆಲ್ಲ ಬರೀ ಸ್ಟಾಪರ್ ಬಿಗಿದು ಎದುರಿಸಲಾಗದು.

ಕೇಂದ್ರ ಸರ್ಕಾರ 2009ರಿಂದ ಸಣ್ಣ ಉದ್ಯಮಗಳಿಗಾಗಿ, ಕೆಲಸದಲ್ಲಿನ ವ್ಯರ್ಥವನ್ನು ಕಡಿಮೆ ಮಾಡುವ ‘ಲೀನ್’ ಯೋಜನೆ ನಡೆಸುತ್ತಿದೆ. ಮೊದಲು ಹತ್ತರಷ್ಟು ಘಟಕಗಳ ಗುಂಪಿಗೆ ಒಬ್ಬ ಸಲಹೆಗಾರ. 2023ರ ಮಾರ್ಚಿನಲ್ಲಿ ಹೊಸ ರೂಪ: ಬೇಸಿಕ್, ಇಂಟರ್ಮೀಡಿಯೆಟ್, ಅಡ್ವಾನ್ಸ್ಡ್ ಎಂಬ ಮೂರು ಹಂತ, ಖರ್ಚಿನ ಶೇ. 90ರಷ್ಟು ಸರ್ಕಾರದ್ದು. ಯೋಜನೆ ಒಳ್ಳೆಯದು, ಬಳಸಿಕೊಳ್ಳಬೇಕು. ಆದರೆ ಅಲ್ಲಿ ಕಲಿಸುವುದು ಜಾಗ ಚೊಕ್ಕಟ ಮಾಡುವುದು, ಸಾಮಾನು ಜೋಡಿಸುವುದು, ಸೆಟ್ಟಿಂಗ್ ಸಮಯ ಇಳಿಸುವುದು. ಇಳಿದ ಸಮಯದ ಲಾಭ ಹಂಚುವುದು ಹೇಗೆ ಎಂಬುದಕ್ಕೆ ಅದೇ ತೂಕ ಸಿಕ್ಕಿಲ್ಲ.

ಆದ್ದರಿಂದ ಮೂವರಲ್ಲಿ ಕೇಳಿಕೊಳ್ಳುತ್ತೇನೆ. ಕೇಂದ್ರದ ಎಂ.ಎಸ್.ಎಂ.ಇ. ಸಚಿವಾಲಯ ಲೀನ್ ಹಣ ಕೊಡುವಾಗ ಒಂದು ಷರತ್ತು ಸೇರಿಸಲಿ: ಕೆಲಸಗಾರ ಕೊಟ್ಟ ಸಲಹೆಯಿಂದ ಸಮಯ ಉಳಿದರೆ ಒಂದು ವರ್ಷ ಅವನ ತುಂಡಿನ ದರ ಇಳಿಯಕೂಡದು, ಗುತ್ತಿಗೆಯವನಿಗೂ ಇದು ಸಲ್ಲಬೇಕು. ದೊಡ್ಡ ಕಂಪನಿಗಳ ಪರ್ಚೇಸ್ ವಿಭಾಗದವರು, ಸಣ್ಣ ಶೆಡ್ಡು ತಾನೇ ಮಾಡಿಕೊಂಡ ಉಳಿತಾಯವನ್ನು ಮರುವರ್ಷದ ದರ ಕಡಿತದಲ್ಲಿ ಪೂರ್ತಿ ಕಿತ್ತುಕೊಳ್ಳದೆ ಅರ್ಧವಾದರೂ ಅಲ್ಲೇ ಬಿಡಲಿ. ತುಡಿಯಲೂರಿನ, ಪೀಣ್ಯದ, ಮಾಚೇನಹಳ್ಳಿಯ ಶೆಡ್ಡಿನ ಮಾಲೀಕರೇ, ನೀವು ನಾಳೆ ಬೆಳಿಗ್ಗೆ ಆಪರೇಟರನ್ನು ಕರೆದು, ಅವನ ಭಾಷೆಯಲ್ಲಿ, ಸ್ಟಾಪರ್ ಹಾಕಿದರೆ ದರ ಇಳಿಸುವುದಿಲ್ಲ ಎಂದು ಬರೆದು ಸಹಿ ಮಾಡಿ ಕೊಡಿ.